ಸರಿ ಮಾಡಿಕೊಟ್ಟ ಗೊಂಬೆ

ಹೋದ ಭಾನುವಾರ ನನ್ನ ಒಂಬತ್ತು ವರ್ಷದ ಮಗಳು ಚಂದನ ನನಗೊಂದು ಗಿಫ್ಟ್ ಕೊಟ್ಟಳು. ಊಟದ ಹೊತ್ತಿಗೆ ಅದನ್ನು ನಾನೇ ಹಾಳು ಮಾಡಿದ್ದೆ. ಕೋಪದಿಂದಲ್ಲ. ಪ್ರೀತಿಯಿಂದಲೇ.

ಈ ಅಂಕಣ ಬರೆಯುವ ಆಸಾಮಿ ವಾರದ ಉಳಿದ ದಿನ ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ಮರದ ಗೊಂಬೆ ಮಾಡುತ್ತಾನೆಂಬುದು ನಿಮಗೆ ಗೊತ್ತೇ ಇದೆ. (ಗೊಂಬೆಯೇ ವಾಸಿ, ಬರೆಯುವುದು ಬಿಡು ಅನ್ನುವವರೂ ಇದ್ದೀರಿ.) ಅಪ್ಪನಿಗೆ ಕೈಯಾರೆ ಏನಾದರೂ ಮಾಡಿಕೊಡಿ ಎಂದು ಸ್ಕೂಲಿನಲ್ಲಿ ಹೇಳಿದ್ದರಂತೆ. ಬೇರೆ ಮಕ್ಕಳು ಕಾರ್ಡ್ ಮಾಡಿದರು. ಕೆಲವರ ಕಾರ್ಡನ್ನು ಅಮ್ಮಂದಿರು ಮಾಡಿದರು. ಚಂದನ ಮಾತ್ರ ನನ್ನ ಮಿಷನ್ ಕೆಳಗೆ ಬಿದ್ದಿದ್ದ ಮರದ ತುಂಡೊಂದನ್ನು ಎತ್ತಿಕೊಂಡು, ವಾರವಿಡೀ ಉಪ್ಪು ಕಾಗದದಲ್ಲಿ ತಿಕ್ಕಿ, ನನ್ನನ್ನೇ ಮಾಡಿದ್ದಳು! ಹುಣಸೆಬೀಜದ ಮೂಗು. ಕಪ್ಪು ದಾರದ ಮೀಸೆ. ಸ್ಕೆಚ್ ಪೆನ್ನಿನ ಕಣ್ಣು, ಒಂದು ಮೇಲೆ, ಒಂದು ಕೆಳಗೆ.

ಗೊಂಬೆ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಷ್ಟು ಸಾಕಾಯಿತು ನನಗೆ. ಸೊಟ್ಟಗಿರುವುದನ್ನು ಕಂಡರೆ ನನ್ನ ಕೈ ತಾನಾಗಿ ಉಳಿ ಹುಡುಕುತ್ತದೆ. ಒಸಿ ಇಲ್ ಕೊಡವ್ವ, ಸರಿ ಮಾಡ್ಕೊಡ್ತೀನಿ ಅಂದೆ. ಕೊಟ್ಟಳು. (ಅಪ್ಪ ಕೇಳಿದರೆ ಕೊಡದೆ ಏನು ಮಾಡುತ್ತಾಳೆ?)

ಲೇತಿಗೆ ಸಿಕ್ಕಿಸಿ ಬುಡ ಮಾತ್ರ ಮಟ್ಟ ಮಾಡೋಣ ಅಂದುಕೊಂಡಿದ್ದೆ. ಬುಡ ದುಂಡಗಾದ ಮೇಲೆ ಹೊಟ್ಟೆ ಸೊಟ್ಟ ಕಂಡಿತು. ಹೊಟ್ಟೆ ಸರಿಯಾದ ಮೇಲೆ ತಲೆ. ಲೇತಿಗೆ ಮೂಗೇನು, ಮೀಸೆಯೇನು? ಎಲ್ಲ ಹಾರಿಹೋಯಿತು. ತಿರುಗುವ ಗೊಂಬೆಗೆ ಬಣ್ಣದ ಕೆಂಪು ಅರಗು ಹಿಡಿದೆ, ಫಸ್ಟ್ ಕ್ಲಾಸ್ ಪಾಲಿಶ್ ಬಂತು. ಹೇಳಲು ನಾಚಿಕೆ, ಆಗ ನನಗೆ ಹೆಮ್ಮೆಯೇ ಆಗಿತ್ತು.

ಚಂದನ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಚೆನ್ನಾಗೈತೆ ಅಪ್ಪ. ಇದ್ರಲ್ಲಿ ನೀನೆಲ್ಲಿದ್ದೀಯ?"

ನೆಲದ ಮೇಲಿನ ಮರದ ಹೊಟ್ಟನ್ನೆಲ್ಲ ಕೆದಕಿ ಮೂಗು ಹುಡುಕಿದೆ, ಸಿಗಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ಮಕ್ಕಳ ಚಿತ್ರ, ಅಕ್ಷರ, ಮಾತು, ಇನ್ನೂ ಏನೇನು ಹೀಗೆ ಸರಿ ಮಾಡಿ ಮುಗಿಸಿದ್ದೇವೋ ನಾವು.

ನಿನ್ನೆ ಒಳ್ಳೆಯ ಮರದ ತುಂಡೊಂದನ್ನು ಆರಿಸಿ ಅವಳ ಕೈಗಿಟ್ಟೆ. ಇನ್ನೊಂದು ಸಲ ಮಾಡವ್ವ, ಈ ಸಲ ನಾನು ಮುಟ್ಟಲ್ಲ ಎಂದು ಗೋಗರೆದೆ. ಅವಳು ಸಿಟ್ಟು ಮಾಡಿಕೊಂಡಿದ್ದರೂ ಸಮಾಧಾನವಾಗುತ್ತಿತ್ತು. ಅದೂ ಇಲ್ಲ. ತುಂಡನ್ನು ಮೆಲ್ಲಗೆ ನನ್ನ ಮಿಷನ್ ಪಕ್ಕ ಇಟ್ಟಳು.

"ನೀನೇ ಮಾಡ್ಕೊ ಅಪ್ಪ. ನಂಗೆ ಬರಾಕಿಲ್ಲ."

ಹೋದ ಭಾನುವಾರದವರೆಗೂ ಅವಳಿಗೆ ಬರುತ್ತಿತ್ತು.