ಸೋಬಾನೆ ಪದಕ್ಕೆ ಬಿದ್ದ ಬೀಗ

“ಈ ಸಿನಿಮಾನ ಕದ್ದು ಹಾಕಿರೋನು ಕೈಗೆ ಸಿಕ್ಲಿ ಸಾರ್, ಚರ್ಮ ಸುಲಿದ್ಬುಡ್ತೀನಿ!” ಅಂತ ಶಿವಮಲ್ಲು ಒಂದು ಕಾಗದ ನನ್ನ ಮುಂದೆ ಹಿಡಿದ. ಅದರಲ್ಲಿದ್ದ ಸಿನಿಮಾದ ಹೆಸರು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಆ ಕಳ್ಳ ನಾನೇ!

ತಾಳಿ, ಮೊದಲಿಂದ ಹೇಳುತ್ತೇನೆ.

ಶಿವಮಲ್ಲು ಜಯಲಕ್ಷ್ಮಿಪುರಂನ ನಮ್ಮ ಬೀದಿಗೆಲ್ಲ ಇಂಟರ್‌ನೆಟ್ ಕೊಡುವವನು. ಕಳೆದ ಸೋಮವಾರ ಜನ ಹಾಡು, ಸಿನಿಮಾ ಹಾಕಿ ಹಂಚಿಕೊಳ್ಳುವ ಒಂದು ಫೈಲ್ ಶೇರಿಂಗ್ ಸೈಟು ಇದ್ದಕ್ಕಿದ್ದಂತೆ ಬಂದ್ ಆಯಿತು. ನಮ್ಮ ಮನೆಯಲ್ಲಿ ರಾದ್ಧಾಂತ. ಭಾನುವಾರ ಮೊಮ್ಮಗಳ ಅರಿಶಿನ ಶಾಸ್ತ್ರ. ನಂಜನಗೂಡಿನ ನಮ್ಮಕ್ಕನಿಗೆ ಮಂಡಿನೋವು, ಬರುವಂತಿಲ್ಲ. ಅದಕ್ಕೇ ತನಗೆ ಬರುವ ಸೋಬಾನೆ ಪದಗಳನ್ನೆಲ್ಲ ಹಾಡಿ, ಮಗನ ಕೈಲಿ ಆ ಸೈಟಿಗೆ ಹಾಕಿಸಿದ್ದಳು. ನನ್ನ ಹೆಂಡತಿ, ಬೀದಿಯ ಹೆಂಗಸರು ಕೇಳಿ ಕಲಿಯುತ್ತಿದ್ದರು. ಮೊದಲ ಪದ ಅರ್ಧಕ್ಕೆ ಬಂದಿತ್ತು, ಅಷ್ಟರಲ್ಲಿ ಬೀಗ! (ಫೋನಿನಲ್ಲಿ ಹೇಳಿಸಿಕೊಳ್ಳೋಣವೆಂದರೆ ಅಕ್ಕನಿಗೆ ಕಿವಿ ಮಂದ.)

“ರೀ, ದೊಡ್ಡ ಕಂಪ್ಯೂಟರ್ ಪಂಡಿತ್ರು ಅಂತ ಹೇಳ್ಕೊಂಡ್ ತಿರುಗ್ತೀರಲ್ಲ, ಹೋಗಿ ಅದನ್ನ ತೆಗೆಸ್ಕೊಂಡ್ ಬನ್ನಿ. ಪದ ಹೇಳ್ದೆ ನನ್ ಮೊಮ್ಮಗಳಿಗೆ ನಾನು ಅರಿಶಿನ ಹಚ್ಚಲ್ಲ” ಅಂದಳು ನನ್ನಾಕೆ.

ಹೋದೆ. ಶಿವಮಲ್ಲು ಕೈಚೆಲ್ಲಿದ. “ಸಿನಿಮಾದೋರು ಪ್ರೆಶರ್ ಹಾಕವ್ರೆ ಸಾರ್. ಬ್ಲಾಕ್ ಮಾಡ್ದಿದ್ರೆ ಕೋರ್ಟಿಗೆ ಎಳೀತಾರಂತೆ.”

“ಸಿನಿಮಾ ಬ್ಲಾಕ್ ಮಾಡು ಕಣಯ್ಯ. ನಮ್ಮಕ್ಕ ಏನ್ ಮಾಡಿದ್ಲು?”

“ಒಂದೊಂದಾಗಿ ಆರಿಸ್ಕಂಡು ಕೂರಕ್ಕಾಯ್ತದಾ ಸಾರ್? ಇಡೀ ಸೈಟ್‌ನೇ ಮುಚ್ದೆ.”

ಆಗಲೇ ಅವನು ಸಿನಿಮಾದವರು ಕಳಿಸಿದ್ದ ಆ ಕಾಗದ ತೋರಿಸಿದ್ದು. ಪಟ್ಟಿಯ ಮೊದಲ ಸಾಲಿನಲ್ಲಿ ಒಂದು ಹೊಸ ಚಿತ್ರದ ಹೆಸರು. ಪುಕ್ಕಟೆ ಸಿನಿಮಾ ನೋಡುವವರನ್ನು ಬೇಸ್ತು ಬೀಳಿಸೋಣ ಅಂತ ಆ ಹೆಸರಿನಲ್ಲಿ ಫೈಲ್ ಏರಿಸಿದವನು ನಾನು. ಒಳಗೆ ಸಿನಿಮಾ ಎಲ್ಲಿಂದ ಬರಬೇಕು? ಮಂಕಿ ಕ್ಯಾಪು, ಕೂಲಿಂಗ್ ಗ್ಲಾಸು ಹಾಕಿಕೊಂಡು, ವೆಬ್‌ಕ್ಯಾಮ್ ಮುಂದೆ ಕೂತು, ಕುಂಡದಲ್ಲಿ ಕರಿಬೇವು ಬೆಳೆಸುವುದು ಹೇಗೆ ಅಂತ ಎರಡು ಗಂಟೆ ಕೊರೆದಿದ್ದೆ! (ಈ ವಯಸ್ಸಿನಲ್ಲಿ ಇಂಥ ಪ್ರತಿಭೆ ಮೈಸೂರಿನಲ್ಲಿ ಇನ್ನಾರಿಗಿದೆ?)

ಹೆಮ್ಮೆಯಿಂದಲೇ ಒಪ್ಪಿಕೊಂಡೆ. ಶಿವಮಲ್ಲು ನನ್ನ ಮುಖದ ಹತ್ತಿರಕ್ಕೇ ಬಗ್ಗಿ ನೋಡಿದ.

“ಆ ಕರಿಬೇವಿನ ಮುದ್ಕಪ್ಪ ನೀವೇನಾ ಸಾರ್? ಮನೇವ್ರೆಲ್ಲ ಚುರುಮುರಿ ಇಟ್ಕಂಡು ಕೂತಿದ್ವಲ್ಲ! ಇಂಟರ್ವೆಲ್ ಆದ್ಮೇಲಾದ್ರೂ ಹೀರೋ ಬತ್ತಾನೆ ಅಂತ ನಮ್ಮವ್ವ ಕೊನೇವರ್ಗೂ ಎದ್ದೇಳ್ಲಿಲ್ಲ.”

ಸಿಕ್ಕಿಬಿದ್ದ! “ಓಹೋ, ಬ್ಲಾಕ್ ಮಾಡೋನೇ ಡೌನ್‌ಲೋಡ್ ಮಾಡಿದ್ದಾನೆ ಅಂತ ಸಿನಿಮಾದೋರಿಗೆ ಒಂದು ಕಾಗದ ಹಾಕ್ಲಾ?”

“ಅಯ್ಯೋ ಬುಡಿ ಸಾರ್! ಏನಾಗ್ಬೇಕು ಅಷ್ಟ್ ಹೇಳಿ.”

ಮರುದಿನ ಬೆಳಿಗ್ಗೆಯೇ ಸ್ಕೂಟರ್ ಹತ್ತಿ ನಂಜನಗೂಡಿಗೆ ಹೋದ. ಪದಗಳನ್ನೆಲ್ಲ ಸಿ.ಡಿ.ಗೆ ಹಾಕಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಮನೆ ಬಾಗಿಲಲ್ಲಿದ್ದ.

ಭಾನುವಾರ ಹೆಂಗಸರು ಹಾಡಿದ್ದೇ ಹಾಡಿದ್ದು. ಮೊಮ್ಮಗಳ ಕೆನ್ನೆಯ ಮೇಲೆ ಅರಿಶಿನ ಒಣಗಿತು, ಪದ ಮುಗಿಯಲಿಲ್ಲ. ನನ್ನಾಕೆ ಶಿವಮಲ್ಲುವಿಗೆ ಒತ್ತಾಯ ಮಾಡಿ ಎರಡು ಹೋಳಿಗೆ ಜಾಸ್ತಿ ಬಡಿಸಿದಳು. (ನನ್ನ ಎಲೆಗೆ ಬಿದ್ದದ್ದು ಒಂದೇ. ಬೀಗ ಬಿದ್ದದ್ದು ನನ್ನ ಕರಿಬೇವಿನಿಂದ ಅಂತ ಯಾರೋ ಚಾಡಿ ಹೇಳಿದ್ದರು.)

ಆ ಸೋಬಾನೆ ಪದಗಳನ್ನು ಕಟ್ಟಿದ ಅಜ್ಜಿಯರು ಯಾರೋ, ಒಬ್ಬರೂ ನಮಗೆ ನೋಟಿಸ್ ಕಳಿಸಿಲ್ಲ. ಸಿನಿಮಾದವರು ಮಾತ್ರ ಇನ್ನು, ಪದಗಳನ್ನು ಹೊತ್ತು ತಂದ ಶಿವಮಲ್ಲುವಿನ ಸ್ಕೂಟರನ್ನೂ ಬ್ಲಾಕ್ ಮಾಡಿ ಅಂತ ಯಾರಿಗೆ ಕಾಗದ ಬರೆಯುತ್ತಾರೋ?