ಮೆಲ್ಲಗೆ ಮಾತಾಡದ ಓಣಿ

ಬನಹಟ್ಟಿಯಲ್ಲಿ ನಾನು ಕಲಿಸುವ ಶಾಲೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಪಾವರ್‌ಲೂಮ್ ಮಗ್ಗದ ಮನೆಗಳಿವೆ. ಕರೆಂಟ್ ಇರುವಷ್ಟು ಹೊತ್ತೂ ಖಟಾಖಟ್ ಸದ್ದು. ಆ ಓಣಿಯ ಮಕ್ಕಳು ಮಾತು ಕಲಿತದ್ದೇ ಆ ಸದ್ದಿನ ನಡುವೆ. ನೀರು ಬೇಕೆಂದರೂ ಅರ್ಧ ಊರಿಗೆ ಕೇಳುವಂತೆ ಒದರಬೇಕು. ಒದರಿದರೂ ಕೇಳದಿದ್ದರೆ ದೊಡ್ಡವರ ಹಾಗೆ ಬೆರಳು ಎತ್ತಿ ಲೆಕ್ಕ ಹೇಳುತ್ತಾರೆ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಕರಿಹಲಗೆಯ ಮೂಲೆಯಲ್ಲಿ 'ಮೆಲ್ಲಗೆ ಮಾತನಾಡಿ' ಎಂದು ಬರೆದು, ಅದು ಮಾಸಿದಾಗಲೆಲ್ಲ ಮತ್ತೆ ತಿದ್ದುತ್ತಿದ್ದೆ.

ಹೋದ ವರ್ಷ ನಾಲ್ಕನೆಯ ತರಗತಿಯ ಕಲಿಕಾ ಮಟ್ಟ ಅಳೆಯಲು ಒಬ್ಬ ಸಾಹೇಬರು ಬಂದರು. ಓದಲು ಬಾರದವರು ಮೂರು ತಿಂಗಳು ಒಂದನೆಯ ತರಗತಿಯ ಚಿಕ್ಕವರ ಜೊತೆ ಕೂತು ಅ ಆ ತಿದ್ದಬೇಕಿತ್ತು. ಅವತ್ತು ಮುಂಜಾನೆಯೇ ನಾನು ಮಕ್ಕಳಿಗೆ ತಾಕೀತು ಮಾಡಿದ್ದೆ. "ಯಾರರೆ ಒದರಿದ್ರ ಹೊರಗ ನಿಲ್ಲಸ್ತೀನಿ ನೋಡ್ರಿ."

ನೇಕಾರರ ಮನೆಯ ಹುಡುಗಿಯೊಬ್ಬಳ ಸರದಿ ಬಂತು. ಓದುವುದರಲ್ಲೂ ಒದರುವುದರಲ್ಲೂ ತರಗತಿಗೇ ಮುಂದು. ಆ ಹೊತ್ತಿಗೆ ಕರೆಂಟ್ ಹೋಗಿ ಓಣಿ ಗಪ್‌ಚುಪ್ ಆಗಿತ್ತು. ಸಾಹೇಬರು ಓದಲು ಹಾಳೆ ಕೊಟ್ಟರು. ಹುಡುಗಿ ತುಟಿ ಬಿಚ್ಚಲಿಲ್ಲ.

"ಹೋಗ್ಲಿ, ಆರೇಳಲೆ ಎಷ್ಟವಾ?" ಎಂದು ಸಾಹೇಬರು ಮಗ್ಗಿ ಕೇಳಿದರು.

ಅವಳು ತೊಡೆಯ ಮೇಲೆ ಮೊದಲು ನಾಲ್ಕು ಬೆರಳು ತೋರಿಸಿದಳು, ಆಮೇಲೆ ಎರಡು. ನನಗೆ ಕಂಡಿತು. ಸಾಹೇಬರ ಕಣ್ಣು ಅಂಕಪಟ್ಟಿಯ ಮೇಲಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ, "ನೀವು ಹೇಳಿಕೊಡಂಗಿಲ್ರಿ ಅಕ್ಕಾರ" ಎಂದು ತಡೆದು, ಅವಳ ಹೆಸರಿನ ಮುಂದೆ ಸೊನ್ನೆ ಬರೆದರು. ಈ ಜಾಣೆ ಅ ಆ ತಿದ್ದಬೇಕೇ? ಅದೂ ನನ್ನ ದೆಸೆಯಿಂದ?

ಅಷ್ಟರಲ್ಲಿ ಕರೆಂಟ್ ಬಂತು. ಗೋಡೆಯಾಚೆ ಒಂದು ಮಗ್ಗ ಶುರುವಾಯಿತು, ಬೆನ್ನಿಗೇ ಇನ್ನೊಂದು. ಹುಡುಗಿಯ ಹೆಗಲು ಸಡಿಲವಾಯಿತು. ಹಾಳೆ ಎತ್ತಿಕೊಂಡವಳೇ, ಮನೆಯಲ್ಲಿ ಮಗ್ಗದ ಸದ್ದಿನ ನಡುವೆ ಅವ್ವನಿಗೆ ಓದಿ ಹೇಳುವಂತೆ ಗಟ್ಟಿಯಾಗಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲೂ ತಡವರಿಸದೆ ಓದಿ ಒಗೆದಳು. ಮುಗಿದ ಮೇಲೆ ತಾನೇ, "ಆರೇಳಲೆ ನಲವತ್ತೆರಡ್ರಿ" ಎಂದಳು. ಹೊರಗೆ ಬಿಸಿಯೂಟದ ಅಡುಗೆಯವರು ಸೌಟು ಹಿಡಿದುಕೊಂಡೇ ಬಂದು ಇಣುಕಿದರು.

ಸಾಹೇಬರೂ ದನಿ ಏರಿಸಬೇಕಾಯಿತು. "ಇಷ್ಟೊತ್ತು ಯಾಕ ಬಾಯಿ ಬಿಡಲಿಲ್ಲವಾ?"

"ಒದರಿದ್ರ ಹೊರಗ ನಿಲ್ಲಸ್ತೀನಿ ಅಂದಾರ್ರಿ ಅಕ್ಕಾರು. ನಂಗ ಮೆಲ್ಲಕ ಓದಾಕ ಬರೂದಿಲ್ರಿ."

ಸಾಹೇಬರು ನನ್ನ ಮುಖ ನೋಡಿ ನಗುತ್ತ ಸೊನ್ನೆಯನ್ನು ಹೊಡೆದುಹಾಕಿ ಪೂರ್ತಿ ಅಂಕ ಬರೆದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಉಳಿದ ಮಕ್ಕಳಿಗೂ ಸಾಹೇಬರು ಕೂಗಿ ಕೂಗಿಯೇ ಪ್ರಶ್ನೆ ಕೇಳಿದರು. ಮಕ್ಕಳು ಅವರಿಗಿಂತ ಒಂದು ಕೈ ಮೇಲೆ. ಹೋಗುವಾಗ ಅವರ ಗಂಟಲು ಕಟ್ಟಿತ್ತು.

ಮರುದಿನ ನಾನು ಡಸ್ಟರ್ ಹಿಡಿದು ಕರಿಹಲಗೆಯ ಮೂಲೆಗೆ ಹೋದೆ. ಅಳಿಸುವ ಮೊದಲು ಅದನ್ನೊಮ್ಮೆ ಓದು ಎಂದು ಆ ಹುಡುಗಿಗೆ ಹೇಳಿದೆ.

"ಮೆಲ್ಲಗೆ ಮಾತನಾಡಿ" ಎಂದು ಗೋಡೆಯಾಚೆಯ ಮಗ್ಗದವರಿಗೂ ಕೇಳುವಂತೆ ಓದಿದಳು.