ಗೇಣಪ್ಪನ ಏಳನೆಯ ಗಿಟಾರು

ಲಿಫ್ಟ್ ರಿಪೇರಿಯವರ ಪೈಕಿ ಅವನಷ್ಟು ಕುಳ್ಳಗಿನವನು ಇನ್ನೊಬ್ಬನಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರವೇ ಜೊತೆಯವರು ಗೇಣಪ್ಪ ಎಂದು ಕರೆಯತೊಡಗಿದರು. ಆ ಹೆಸರು ಎಷ್ಟು ಭದ್ರವಾಗಿ ಅಂಟಿಕೊಂಡಿತೆಂದರೆ, ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಅವನಿಗೇನೂ ಬೇಜಾರಿರಲಿಲ್ಲ. ಲಿಫ್ಟಿನ ತಳದ ಗುಂಡಿಯಲ್ಲಿ ಉಳಿದವರು ಬೆನ್ನು ಬಗ್ಗಿಸಿ, ಮಂಡಿ ಮಡಚಿ, ಉಸ್ಸಪ್ಪಾ ಎನ್ನುತ್ತ ಮಾಡುವ ಕೆಲಸವನ್ನು ಅವನು ನೆಟ್ಟಗೆ ನಿಂತು ಮಾಡಿ ಮುಗಿಸುತ್ತಿದ್ದ. ಅವನಿಗಿಂತ ಹತ್ತು ವರ್ಷ ಚಿಕ್ಕವರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಓಡಾಡುತ್ತಿದ್ದಾಗ, ನಲವತ್ತೊಂಬತ್ತರ ಗೇಣಪ್ಪ ಏಣಿಯ ಮೇಲೆ ಅಳಿಲಿನ ಹಾಗೆ ಹತ್ತಿಳಿಯುತ್ತಿದ್ದ.

ಗಿಡ್ಡತನ ಅವನನ್ನು ಕಾಡಿದ್ದು ಒಂದೇ ಕಡೆ. ಅದು ಗಿಟಾರಿನ ವಿಷಯದಲ್ಲಿ.

ಅವನ ಮನೆಯ ಮುಂದಿನ ಕೋಣೆಯ ಗೋಡೆಯಲ್ಲಿ ಆರು ಎಲೆಕ್ಟ್ರಿಕ್ ಗಿಟಾರುಗಳು ತೂಗುತ್ತಿದ್ದವು. ಮೊದಲನೆಯದು ಸೋದರಮಾವ ಕೊಟ್ಟ ಕಪ್ಪು ಗಿಟಾರು, ಅದರ ಒಂದು ಗುಬುಟಿಯ ಜಾಗದಲ್ಲಿ ಲಿಫ್ಟಿನ ಹಳೆಯ ಗುಂಡಿಯೊಂದನ್ನು ಕೂರಿಸಿದ್ದ. ಒಂದಕ್ಕೆ ಹನ್ನೆರಡು ತಂತಿ. ಒಂದು ಎತ್ತಲಾರದಷ್ಟು ಭಾರ. ಉಳಿದವುಗಳ ಚರಿತ್ರೆಯನ್ನು ಅವನ ಬಾಯಿಂದಲೇ ಕೇಳಬೇಕು, ಕೇಳಲು ಕೂತವರು ಬೇಗ ಏಳುವ ಹಾಗಿಲ್ಲ. ಸಂಗ್ರಹ ಬೆಳೆದದ್ದರ ಹಿಂದೆ ಒಂದು ಗುಟ್ಟಿತ್ತು. ಯಾವುದಾದರೂ ಸ್ವರಕ್ಕೆ ಬೆರಳು ನಿಲುಕದೆ ಹೋದಾಗಲೆಲ್ಲ ಅವನು ಕೈಯನ್ನು ದೂರುತ್ತಿರಲಿಲ್ಲ, ಗಿಟಾರನ್ನು ದೂರುತ್ತಿದ್ದ. ಇದರ ಕೊರಳು ದಪ್ಪ, ಅದರ ತಂತಿ ಎತ್ತರ ಎಂದು ಏನಾದರೊಂದು ನೆಪ ಹುಡುಕಿ ಇನ್ನೊಂದನ್ನು ತರುತ್ತಿದ್ದ. ತಂದದ್ದು ಅಷ್ಟೇ ಉದ್ದದ್ದಾಗಿರುತ್ತಿತ್ತು. ಬೆರಳು ಅಲ್ಲಿಯೂ ನಿಲುಕುತ್ತಿರಲಿಲ್ಲ.

ಗಂಡಹೆಂಡಿರ ಜೊತೆಗಿದ್ದ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಿಂದ ಆ ಗೋಡೆಯನ್ನು ನೋಡಿ, "ಮನೆ ತುಂಬ ಅಳಿಯಂದಿರು ಇದ್ದ ಹಾಗಿದೆ. ನೋಡೋಕೆಲ್ಲ ಚೆನ್ನಾಗಿದಾರೆ, ಒಬ್ಬನೂ ಹೇಳಿದ ಕೆಲಸ ಮಾಡಲ್ಲ" ಎನ್ನುತ್ತಿದ್ದರು. ಅವರಿಗಿದ್ದ ಅಳಿಯ ಇವನೊಬ್ಬನೇ.

ಶಾರ್ಟ್ ಸ್ಕೇಲ್ ಎಂಬ ಗಿಡ್ಡ ಗಿಟಾರುಗಳೂ ಇವೆಯೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ತಂತಿ ಮೀಟುವಾಗ ಅದುರುವ ಉದ್ದವನ್ನು ಸ್ಕೇಲು ಎನ್ನುತ್ತಾರೆ. ಅವನ ಆರೂ ಗಿಟಾರುಗಳಲ್ಲಿ ಅದು ಇಪ್ಪತ್ತೈದೂವರೆ ಅಂಗುಲ. ಗಿಡ್ಡ ಗಿಟಾರಿನಲ್ಲಿ ಇಪ್ಪತ್ತನಾಲ್ಕು, ಕೆಲವದರಲ್ಲಿ ಇನ್ನೂ ಕಡಿಮೆ. ಉದ್ದ ಕಡಿಮೆಯಾದ ಹಾಗೆ ಕೊರಳಿನ ಮೇಲಿನ ಲೋಹದ ಮೆಟ್ಟುಗಳೂ ಹತ್ತಿರ ಹತ್ತಿರ ಬರುತ್ತವೆ. ಆದರೆ ಅವನ್ನು ಮಕ್ಕಳ ಗಿಟಾರು ಎನ್ನುವವರೇ ಹೆಚ್ಚು. ಚಪ್ಪಲಿ ಅಂಗಡಿಯಲ್ಲಿ ಎಷ್ಟೋ ಸಲ ಮಕ್ಕಳ ಸಾಲಿಗೆ ಕಳಿಸಿಕೊಂಡಿದ್ದ ಗೇಣಪ್ಪ, ಇದೊಂದರಲ್ಲಿ ಮಾತ್ರ ದೊಡ್ಡವರ ಸಾಲು ಬಿಡಲಾರೆನೆಂದು ಹಟ ಹಿಡಿದಿದ್ದ.

ಶನಿವಾರ ಮಧ್ಯಾಹ್ನ ಬೇಕರಿಯವನ ಹಿಟ್ಟಿನ ಗೋದಾಮಿನಲ್ಲಿ ನಾಲ್ಕು ಜನ ಸೇರಿ ಬಾರಿಸುತ್ತಿದ್ದರು. ಬೇಕರಿಯವನದು ಡ್ರಮ್ಮು. ಹಾಡು ಕಟ್ಟಿ ಹಾಡುವವಳು ಅವನ ಅಕ್ಕ. ಮುಖ್ಯ ಗಿಟಾರು ಹಲ್ಲಿನ ಡಾಕ್ಟರದು. ಆರಡಿ ಆಳು, ಬೆರಳುಗಳೋ ಬಾಚಣಿಗೆಯ ಹಾಗೆ. ಗೇಣಪ್ಪ ಅವರ ಹಿಂದೆ ತಾಳಕ್ಕೆ ತಕ್ಕಂತೆ ತಂತಿ ಕೆರೆದುಕೊಂಡು ಹೋಗುವವನು. ಅಕ್ಕ ಕಟ್ಟಿದ ಹಾಡೊಂದರ ನಡುವೆ ಗಿಟಾರು ಒಂಟಿಯಾಗಿ ನಡೆಯಬೇಕಾದ ಒಂದು ತುಣುಕಿತ್ತು. ತೋರುಬೆರಳು ಒಂದನೆಯ ಮೆಟ್ಟನ್ನು ಒತ್ತಿಕೊಂಡೇ ಇರಬೇಕು, ಕಿರುಬೆರಳು ಹೋಗಿ ಐದನೆಯದನ್ನು ಹಿಡಿಯಬೇಕು. ಹನ್ನೊಂದು ವರ್ಷದಿಂದ ಅದನ್ನು ಡಾಕ್ಟರೇ ಬಾರಿಸುತ್ತಿದ್ದರು. ಗೇಣಪ್ಪ ಒಮ್ಮೆ ಆಸೆಪಟ್ಟು ಕೇಳಿದಾಗ, "ಇನ್ನೊಂದು ಗೇಣು ಬೆಳ್ಕೊಂಡು ಬಾ, ಧಾರಾಳವಾಗಿ ಕೊಡ್ತೀನಿ" ಎಂದಿದ್ದರು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ.

ಆ ವರ್ಷ ಊರಿನ ಆಸ್ಪತ್ರೆಗೆ ಐವತ್ತು ತುಂಬಿತು. ಒಂದು ಭಾನುವಾರ ಬೆಳಿಗ್ಗೆ ಅದರ ಸಭಾಂಗಣದಲ್ಲಿ ಬಾರಿಸಲು ಈ ನಾಲ್ವರನ್ನು ಕರೆದರು. ಅದಕ್ಕೆ ಇನ್ನೂ ಆರು ವಾರವಿತ್ತು. ಅಷ್ಟರಲ್ಲಿ ಡಾಕ್ಟರು ಮಗಳ ಮನೆಗೆಂದು ಹೊರಟುಹೋದರು.

"ಅವರು ಬರೋ ತನಕ ಆ ತುಣುಕು ನೀನೇ ಬಾರಿಸು, ಇಲ್ಲದಿದ್ರೆ ನನಗೆ ಲೆಕ್ಕ ತಪ್ಪುತ್ತೆ" ಎಂದ ಬೇಕರಿಯವನು.

ಗೇಣಪ್ಪ ಬಾರಿಸಿದ. ಕಿರುಬೆರಳು ಗೋಧಿಕಾಳಿನಷ್ಟು ಹಿಂದೆಯೇ ನಿಂತಿತು. ಸ್ವರ ಬರಬೇಕಾದಲ್ಲಿ ಒಣ ಕಡ್ಡಿ ಮುರಿದಂತೆ ಟಪ್ ಎಂದಿತು. ಇನ್ನೊಂದು ಸಲವೂ ಟಪ್. ಮೂರನೆಯ ಸಲ ಅಕ್ಕ ಮೆಲ್ಲಗೆ, "ಇರಲಿ ಬಿಡು, ಆ ಜಾಗ ನಾನು ಬಾಯಲ್ಲೇ ಗುನುಗ್ತೀನಿ" ಎಂದಳು. ಯಾರೂ ಗೇಲಿ ಮಾಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದವನು ಆರೂ ಗಿಟಾರುಗಳನ್ನು ಇಳಿಸಿ ಒಂದಾದ ಮೇಲೊಂದರಂತೆ ಅದೇ ತುಣುಕು ಬಾರಿಸಿದ. ಆರರಲ್ಲೂ ಟಪ್. ಶಾಲಾ ಬಸ್ಸು ಓಡಿಸುವ ಹೆಂಡತಿ ಪೇಟೆಯಿಂದ ಸಾಮಾನು ಹಿಡಿದು ಬಂದಾಗ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ.

"ಏನ್ರೀ ಇದು, ಸಂತೆ ಹಾಕಿದೀರಾ?"

"ಒಂದೂ ಸರಿಯಿಲ್ಲ ಕಣೇ."

ಅವಳು ಚೀಲ ಕೆಳಗಿಟ್ಟು ಅವನ ಎಡಗೈಯನ್ನೂ ಗಿಟಾರಿನ ಕೊರಳನ್ನೂ ಒಂದು ಕ್ಷಣ ನೋಡಿದಳು. ಅವಳೂ ಎತ್ತರದವಳೇನಲ್ಲ. "ನಾನು ದಿನಾ ಬೆಳಿಗ್ಗೆ ಬಸ್ಸು ಹತ್ತಿದ ತಕ್ಷಣ ಏನು ಮಾಡ್ತೀನಿ ಹೇಳಿ" ಎಂದಳು.

"ಸೀಟು ಮುಂದಕ್ಕೆ ಎಳ್ಕೋತೀಯ."

"ಹಾಗಂತ ಅದು ಆಟದ ಬಸ್ಸಾಯ್ತಾ? ಐವತ್ತು ಮಕ್ಕಳು ಕೂತಿರ್ತಾರೆ ರೀ ಅದರಲ್ಲಿ. ಕಾಲು ಬ್ರೇಕಿಗೆ ಸಿಗಬೇಕು, ಅಷ್ಟೇ. ಸೀಟು ಎಳ್ಕೊಳ್ಳೋಕೆ ನಾಚಿಕೆಪಟ್ಟಿದ್ರೆ ನಾನು ಇಷ್ಟೊತ್ತಿಗೆ ಯಾವುದೋ ಕಂಬಕ್ಕೆ ಗುದ್ದಿರ್ತಿದ್ದೆ."

ಗೇಣಪ್ಪ ಗಿಟಾರುಗಳನ್ನು ಒಂದೊಂದಾಗಿ ಗೋಡೆಗೆ ಏರಿಸತೊಡಗಿದ. ಅತ್ತೆ ಕುರ್ಚಿಯಿಂದಲೇ, "ಏಳನೇ ಅಳಿಯ ಬರ್ತಾನೆ ಅನ್ನು" ಎಂದರು.

ಮರುದಿನ ಗಂಡಹೆಂಡಿರು ರೈಲು ನಿಲ್ದಾಣದ ಹಿಂದಿನ ಬೀದಿಗೆ ಹೋದರು. ಅಲ್ಲಿ ವಾದ್ಯ ರಿಪೇರಿ ಮಾಡುತ್ತ ಹಳೆಯ ಗಿಟಾರು ಮಾರುವ ಹೆಂಗಸೊಬ್ಬಳ ಕಿರಿದಾದ ಅಂಗಡಿಯಿತ್ತು. ಅರವತ್ತು ದಾಟಿದವಳು, ಕನ್ನಡಕ ಮೂಗಿನ ತುದಿಯಲ್ಲಿ, ಕೈಯಲ್ಲಿ ಬೆಸುಗೆ ಕಡ್ಡಿ. ಗೇಣಪ್ಪನ ಆರರಲ್ಲಿ ಮೂರು ಅವಳ ಕೈಯಿಂದಲೇ ಹೋದಂಥವು.

"ಅಕ್ಕಾ, ಶಾರ್ಟ್ ಸ್ಕೇಲ್ ಏನಾದ್ರೂ ಇದೆಯಾ?" ಎಂದು ಅವನು ಗಂಟಲು ಸರಿಮಾಡಿಕೊಂಡು ಕೇಳಿದ.

ಅವಳು ಕನ್ನಡಕದ ಮೇಲಿನಿಂದ ನೋಡಿದಳು. "ಹತ್ತು ವರ್ಷದಿಂದ ನಿಮಗೆ ಅದನ್ನೇ ತೋರಿಸಬೇಕು ಅಂತ ನನ್ನ ನಾಲಿಗೆ ತುದಿಗೆ ಬರ್ತಿತ್ತು. ನೀವು ಎದ್ದುಹೋಗಿಬಿಡ್ತೀರಿ ಅಂತ ನುಂಗ್ಕೋತಿದ್ದೆ."

ಮೂರು ಗಿಟಾರುಗಳು ಹೊರಬಂದವು. ಮೊದಲನೆಯದು ಕೆಂಪು, ಇಪ್ಪತ್ತೆರಡೂವರೆ ಅಂಗುಲದ್ದು. ಹಿಡಿದ ಕೂಡಲೇ ಬೆರಳು ಐದನೆಯ ಮೆಟ್ಟಿಗೆ ಸರಾಗವಾಗಿ ಹೋಯಿತು. ಆದರೆ ಮೇಲಿನ ಮೆಟ್ಟುಗಳ ಹತ್ತಿರ ಹೋದಾಗ ಅವನ ಚಿಕ್ಕ ಬೆರಳುಗಳೇ ಒಂದನ್ನೊಂದು ತುಳಿದವು. ಕೆಳಗೆ ಸಿಕ್ಕಿದ್ದು ಮೇಲೆ ಹೋಯಿತು. ಅದನ್ನು ಬದಿಗಿಟ್ಟ.

ಎರಡನೆಯದು ನೀಲಿ, ಇಪ್ಪತ್ತನಾಲ್ಕು ಅಂಗುಲ, ಕನ್ನಡಿಯಂತೆ ಫಳಫಳ. ಹೆಂಡತಿ ನೋಡಿದವಳೇ "ಇದೇ" ಎಂದಳು. ಗೇಣಪ್ಪ ಆತುರಪಡಲಿಲ್ಲ. ಹನ್ನೆರಡನೆಯ ಮೆಟ್ಟಿನ ನೇರಕ್ಕೆ ತಂತಿಯನ್ನು ಬೆರಳಿನಿಂದ ಮುಟ್ಟಿಯೂ ಮುಟ್ಟದಂತೆ ಹಿಡಿದು ಮೀಟಿದ. ಗಂಟೆಯಂಥ ತೆಳು ನಾದ ಬಂತು. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಿದ. ಎರಡೂ ಒಂದೇ ಆಗಬೇಕು. ಒತ್ತಿದ್ದು ಒಂದೆಳೆ ಏರಿಯೇ ನಿಂತಿತು. ತಂತಿಯನ್ನು ಕೆಳಗಡೆ ಹೊರುವ ಲೋಹದ ತುಂಡನ್ನು ಹಿಂದಕ್ಕೆ ಸರಿಸಿದರೆ ಇದು ಸರಿಹೋಗುತ್ತದೆ. ಬಗ್ಗಿ ನೋಡಿದ. ಆ ತುಂಡು ಆಗಲೇ ತುತ್ತತುದಿಗೆ ಹೋಗಿ ಕೂತಿತ್ತು.

"ಇನ್ನು ಸರಿಸೋಕೆ ಜಾಗವೇ ಇಲ್ಲ ಅಕ್ಕಾ."

"ಇಲ್ಲ" ಎಂದು ಅವಳು ಒಪ್ಪಿಕೊಂಡಳು. "ಚೆಂದಕ್ಕೆ ಬೇಕಾದ್ರೆ ತಗೊಳ್ಳಿ."

"ಚೆಂದದವು ಮನೇಲಿ ಆರಿವೆ."

ಮೂರನೆಯದನ್ನು ಅವಳು ಸ್ವಲ್ಪ ಅರೆಮನಸ್ಸಿನಿಂದಲೇ ಕೊಟ್ಟಳು. ಹಳೆಯ ಪಿಂಗಾಣಿ ಬಸಿಯ ಬಣ್ಣ, ಮೊಣಕೈ ಊರುವಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಅದೂ ಇಪ್ಪತ್ತನಾಲ್ಕೇ. "ನಾಲ್ಕು ಜನ ತಗೊಂಡುಹೋಗಿ ನಾಲ್ಕೂ ಜನ ವಾಪಸ್ ತಂದ್ರು. ತಂತಿ ತೊಳತೊಳ ಅನ್ನುತ್ತೆ, ಸ್ವರ ಗುಂಯ್ಗುಟ್ಟುತ್ತೆ ಅಂತಾರೆ."

ಗೇಣಪ್ಪ ಮೀಟಿದ. ನಿಜ, ಮೆಟ್ಟುಗಳಿಗೆ ತಗುಲಿ ನೊಣ ಹಾರಿದಂತೆ ಗುಂಯ್ ಎಂದಿತು. ಅವನು ಮತ್ತೆ ಮೀಟಲಿಲ್ಲ. ತಂತಿಯ ನಡುವೆ ಹೆಬ್ಬೆರಳಿಟ್ಟು ಒತ್ತಿದ, ಬಿಟ್ಟ, ಒತ್ತಿದ. ಇಪ್ಪತ್ತಾರು ವರ್ಷದಿಂದ ಲಿಫ್ಟಿನ ಉಕ್ಕಿನ ಹಗ್ಗಗಳ ಬಿಗಿಯನ್ನು ಅವನು ಹೀಗೆಯೇ ಒತ್ತಿ ನೋಡುತ್ತ ಬಂದಿದ್ದ. ಐದು ಹಗ್ಗದಲ್ಲಿ ಒಂದು ಸಡಿಲವಾಗಿದ್ದರೂ ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಆಮೇಲೆ ಹನ್ನೆರಡನೆಯ ಮೆಟ್ಟಿನ ಪರೀಕ್ಷೆ ಮಾಡಿದ. ತಪ್ಪು ಇತ್ತು, ಆದರೆ ಸರಿಸಲು ಜಾಗವೂ ಬೇಕಾದಷ್ಟಿತ್ತು. ಕೊರಳನ್ನು ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಿದ. ದಾರ ಹಿಡಿದಂತೆ ನೆಟ್ಟಗಿತ್ತು.

"ಅಕ್ಕಾ, ಇದಕ್ಕೆ ಯಾವ ತಂತಿ ಹಾಕಿದೀರಿ?"

"ಎಲ್ಲದಕ್ಕೂ ಹಾಕೋದೇ. ತೆಳ್ಳಗಿಂದು."

"ತಪ್ಪಿರೋದು ಅಲ್ಲೇ. ಉದ್ದ ಕಮ್ಮಿ ಮಾಡಿ ಅದೇ ತಂತಿ ಹಾಕಿದ್ರೆ ಅದೇ ಸ್ವರಕ್ಕೆ ಬಿಗಿ ಸಾಲಲ್ಲ, ಸಡಿಲ ಬೀಳುತ್ತೆ. ದಪ್ಪ ತಂತಿ ಹಾಕಿ, ಬಿಗಿ ತಾನೇ ಬರುತ್ತೆ. ನಾಲ್ಕು ಜನ ವಾಪಸ್ ತಂದಿದ್ದು ಗಿಟಾರನ್ನಲ್ಲ, ತಂತೀನ."

ಅಂಗಡಿಯವಳು ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು. ಡಬ್ಬಿಯಿಂದ ದಪ್ಪ ತಂತಿಯ ಕಟ್ಟು ತೆಗೆದು ಆರನ್ನೂ ಬದಲಿಸಿದಳು. ಕೊರಳನ್ನು ಕೀಲಿಯಿಂದ ಕೂದಲೆಳೆಯಷ್ಟು ಸರಿಮಾಡಿದಳು, ಲೋಹದ ತುಂಡುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿದಳು. ಮುಕ್ಕಾಲು ಗಂಟೆ ಹಿಡಿಯಿತು. ಹೆಂಡತಿ ಅಷ್ಟು ಹೊತ್ತೂ ಸ್ಟೂಲಿನ ಮೇಲೆ ಕೂತು ನೀಲಿ ಗಿಟಾರಿನಲ್ಲಿ ತನ್ನ ಮುಖ ನೋಡಿಕೊಂಡಳು.

ಮತ್ತೆ ಕೈಗೆ ಬಂದಾಗ ಗೇಣಪ್ಪ ನೇರವಾಗಿ ಆ ತುಣುಕಿಗೇ ಕೈ ಹಾಕಿದ. ತೋರುಬೆರಳು ಒಂದನೆಯ ಮೆಟ್ಟಿನಲ್ಲಿ ನಿಂತಿತು. ಕಿರುಬೆರಳು ಹೊರಟಿತು, ಹಿಗ್ಗಿತು, ಐದನೆಯದನ್ನು ಮುಟ್ಟಿತು. ಟಪ್ ಎನ್ನಲಿಲ್ಲ. ತುಂಬಿದ ದುಂಡನೆಯ ಸ್ವರವೊಂದು ಅಂಗಡಿಯ ತುಂಬ ಹರಡಿತು. ಅವನು ಬೆರಳು ತೆಗೆಯದೆ ಅದು ತಾನಾಗಿ ಆರುವವರೆಗೂ ಕೇಳಿಸಿಕೊಂಡ. ಕಣ್ಣು ತೇವವಾದದ್ದನ್ನು ಹೆಂಡತಿ ನೋಡಿ ನೋಡದಂತಿದ್ದಳು.

"ನೀಲೀದು ಬೇಡ ಅಂತೀರಾ?" ಎಂದಳು, ಮಾತಿಗೊಂದು ಮಾತೆಂದು.

"ಇದು ನಂದು."

ಆಮೇಲಿನ ವಾರಗಳಲ್ಲಿ ಅವನು ಕೆಲಸದಿಂದ ಬಂದು ಕೈ ತೊಳೆದವನೇ ಕೂರುತ್ತಿದ್ದ. ದಪ್ಪ ತಂತಿ ಬೆರಳ ತುದಿಗಳನ್ನು ಸುಲಿದು ಹಾಕಿತು, ಮತ್ತೆ ಚರ್ಮ ಗಟ್ಟಿಯಾಯಿತು. ಒಂದು ಸಂಜೆ ಅತ್ತೆ ಕುರ್ಚಿಯಿಂದ, "ಇವನು ಪರವಾಗಿಲ್ಲ, ಹೇಳಿದ್ದು ಕೇಳ್ತಾನೆ" ಎಂದರು.

ಡಾಕ್ಟರು ಮರಳಿ ಬಂದ ಶನಿವಾರ ಗೇಣಪ್ಪ ಗೋದಾಮಿನಲ್ಲಿ ಸುತ್ತುಬಳಸದೆ ಹೇಳಿದ. "ಡಾಕ್ಟ್ರೇ, ಈ ಸಲ ನಡುವಿನ ತುಣುಕು ನಾನು ಬಾರಿಸ್ತೀನಿ."

ಡಾಕ್ಟರು ಸವೆದ ಗಿಟಾರನ್ನು ನೋಡಿದರು, ಅವನ ಮುಖ ನೋಡಿದರು. "ಎಲ್ಲಿ, ಕೇಳೋಣ."

ಅವನು ಬಾರಿಸಿದ. ಬೇಕರಿಯವನ ಡ್ರಮ್ಮಿನ ಕಡ್ಡಿ ಗಾಳಿಯಲ್ಲೇ ನಿಂತಿತು. ಡಾಕ್ಟರು ಗಲ್ಲ ಕೆರೆದುಕೊಂಡು, "ಇಲ್ಲಿ ಬಂತು. ಅಲ್ಲಿ ನಾನೂರು ಜನ ಇರ್ತಾರೆ. ಕೈ ಕೊಟ್ರೆ ನನ್ನ ಕಡೆ ನೋಡು, ಎತ್ಕೋತೀನಿ" ಎಂದರು. ಕೊಂಕಿಲ್ಲದೆ ಹೇಳಿದ ಮಾತದು.

ಆ ಭಾನುವಾರ ಸಭಾಂಗಣದಲ್ಲಿ ಕುರ್ಚಿ ಸಾಲದೆ ನರ್ಸುಗಳು ಗೋಡೆಗೊರಗಿ ನಿಂತಿದ್ದರು. ಗಾಲಿ ಕುರ್ಚಿಗಳಲ್ಲಿ ರೋಗಿಗಳೂ ಬಂದಿದ್ದರು. ಹಾಡು ಆ ಜಾಗಕ್ಕೆ ಬಂದಾಗ ಅಕ್ಕ ಹಾಡು ನಿಲ್ಲಿಸಿ ಪಕ್ಕಕ್ಕೆ ಸರಿದಳು. ಗೇಣಪ್ಪ ಡಾಕ್ಟರ ಕಡೆ ನೋಡಲಿಲ್ಲ, ಕೈಯನ್ನೂ ನೋಡಲಿಲ್ಲ. ಸ್ವರಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು ನಡೆದು ಬಂದವು. ತುಣುಕಿನ ಹದಿನಾರು ಎಣಿಕೆ ಮುಗಿಯಿತು. ಅಕ್ಕ ಮತ್ತೆ ಹಾಡು ಎತ್ತಿಕೊಳ್ಳಬೇಕಿತ್ತು. ಅವಳು ಎತ್ತಿಕೊಳ್ಳಲಿಲ್ಲ. ಇನ್ನೊಂದು ಸಲ ಎಂಬಂತೆ ಅವನತ್ತ ಬೆರಳು ತಿರುಗಿಸಿದಳು. ಎರಡನೆಯ ಸುತ್ತಿನಲ್ಲಿ ಅವನು ಐದನೆಯ ಮೆಟ್ಟಿಗೆ ನಿಲ್ಲದೆ, ಇಡೀ ಕೈಯನ್ನೇ ಸರಿಸಿ, ಆರನೆಯದಕ್ಕೂ ಜಾರಿ ಮರಳಿದ. ಅದನ್ನು ಅವನು ಮೊದಲೇ ಯೋಚಿಸಿಟ್ಟಿರಲಿಲ್ಲ. ಚಪ್ಪಾಳೆ ಹಾಡು ಮುಗಿಯುವುದನ್ನು ಕಾಯಲಿಲ್ಲ. ಹಿಂದಿನ ಸಾಲಿನಲ್ಲಿ ಹೆಂಡತಿ ಪಕ್ಕದವರಿಗೆ, "ನಮ್ಮನೆಯವರು" ಎಂದು ಹೇಳುತ್ತಿದ್ದಳು, ಅವರು ಕೇಳದಿದ್ದರೂ.

ಕೆಳಗಿಳಿದ ಮೇಲೆ ಡಾಕ್ಟರು ಆ ಗಿಟಾರನ್ನು ಈಸಿಕೊಂಡು ತೊಡೆಯ ಮೇಲಿಟ್ಟು ಬಾರಿಸಹೋದರು. ಬಾಚಣಿಗೆಯಂಥ ಬೆರಳುಗಳು ಒಂದರ ಮೇಲೊಂದು ಏರಿ ಕೂತು ಸ್ವರವೆಲ್ಲ ಕಲಸಿಹೋಯಿತು.

"ಇದೇನಪ್ಪಾ, ಯಾವ ಇರುವೆಗೆ ಅಂತ ಮಾಡಿದ್ರು ಇದನ್ನ?"

"ನನಗೇ ಅಂತ, ಡಾಕ್ಟ್ರೇ" ಎಂದ ಗೇಣಪ್ಪ.

ಡಾಕ್ಟರು ಮನಸಾರೆ ನಕ್ಕು ಗಿಟಾರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದರು.

ಮುಂದಿನ ಶನಿವಾರ ಅಕ್ಕ ಗೋದಾಮಿಗೆ ಹೊಸ ಹಾಡೊಂದನ್ನು ತಂದಳು. ಅದರ ಮೊದಲಿಗೆ ಮಾತಿಲ್ಲ, ಡ್ರಮ್ಮಿಲ್ಲ. ಗಿಟಾರು ಒಂದೇ, ಮೂವತ್ತೆರಡು ಎಣಿಕೆ.

"ಇದು ಯಾರಿಗೆ?" ಎಂದು ಬೇಕರಿಯವನು ಕೇಳಿದ.

ಅಕ್ಕ ಉತ್ತರ ಹೇಳುವ ಮೊದಲೇ ಡಾಕ್ಟರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಮುಂದೆ ಜಾಗ ಬಿಟ್ಟರು. ಗೇಣಪ್ಪ ಹಿಟ್ಟಿನ ಮೂಟೆಗಳ ನಡುವಿನಿಂದ ವೈರು ಎಳೆದು ತಂದು ಗಿಟಾರಿಗೆ ಸಿಕ್ಕಿಸಿದ, ಕೈ ಬೆಚ್ಚಗಾಗಲೆಂದು ಎರಡು ಸಲ ಉಜ್ಜಿಕೊಂಡ, ಶುರುಮಾಡಿದ.